ಅಜ್ಜಿ ಮಠದ ಉಪ್ಪು

ಬೆಳಗಿನ ಹತ್ತೂವರೆಯ ದಾವಣಗೆರೆ ಬಸ್ಸು ಹರಿಹರದ ನಿಲ್ದಾಣ ಬಿಟ್ಟು ಮೂಲೆ ತಿರುಗುವಾಗ ಎರಡು ಸಲ ಹಾರ್ನ್ ಹೊಡೆಯುತ್ತಿತ್ತು. ಎರಡೂ ಸಲ ಶಾಂತಕುಮಾರಿಯ ಕಾಲು ತಾನಾಗಿಯೇ ಚಪ್ಪಲಿ ಹುಡುಕುತ್ತಿತ್ತು. ಚಪ್ಪಲಿ ಬಿಟ್ಟು ಹನ್ನೊಂದು ತಿಂಗಳಾಗಿತ್ತು. ಕಾಲಿಗೆ ಅದನ್ನು ಯಾರೂ ಹೇಳಿರಲಿಲ್ಲ.

ಅರವತ್ತೆರಡು ವರ್ಷದ ಹೆಂಗಸು. ಅದರಲ್ಲಿ ಮೂವತ್ತು ವರ್ಷ ದಾವಣಗೆರೆಯ ಮಂಡಿಪೇಟೆಯಲ್ಲಿ ಸಗಟಿಗೆ ಸೀರೆ ಎತ್ತಿ, ಗಂಟು ಕಟ್ಟಿ ತಲೆಯ ಮೇಲಿಟ್ಟುಕೊಂಡು, ಭಾನುವಳ್ಳಿಯಿಂದ ಹಿಡಿದು ಹೊಳೆಸಾಲಿನ ಊರೂರು ನಡೆದು ಮಾರಿದವಳು. ಗಂಡ ಹತ್ತಿ ಗಿರಣಿಯಲ್ಲಿ ದುಡಿದು ಬೇಗ ತೀರಿಕೊಂಡಿದ್ದ. ಇಬ್ಬರು ಹೆಣ್ಣುಮಕ್ಕಳನ್ನು ಒಳ್ಳೆ ಕಡೆ ಕೊಟ್ಟು, ಕೈ ಖಾಲಿಯಾದ ದಿನ ಅವಳು ಒಂದು ಕನ್ಯಾಸ್ತ್ರೀ ಮಠಕ್ಕೆ ಹೋಗಿ, "ನನ್ನನ್ನ ಸೇರಿಸ್ಕಳ್ರಿ" ಎಂದು ಕೇಳಿದ್ದಳು. ಹದಿನಾರನೇ ವಯಸ್ಸಿನ ಆಸೆ ಅದು. ಆಗ ಅಪ್ಪ ಮದುವೆ ಮಾಡಿ ಮುಗಿಸಿದ್ದ. ಮಠದವರು ಕಾಫಿ ಕೊಟ್ಟು, ಮೂವತ್ತೈದು ದಾಟಿದವರನ್ನು ತೆಗೆದುಕೊಳ್ಳುವ ಪದ್ಧತಿ ಇಲ್ಲ ಎಂದು ಕಳಿಸಿದರು. ಇನ್ನೆರಡು ಕಡೆಯೂ ಅದೇ ಉತ್ತರ, ಅದೇ ಕಾಫಿ.

ಸೀರೆ ಮಾರುವವಳಿಗೆ ಒಂದು ಅನುಕೂಲ ಇರುತ್ತದೆ. ಎಲ್ಲರ ಮನೆಯ ಹೊಸ್ತಿಲು ಅವಳಿಗೆ ಗೊತ್ತು. ತಮ್ಮ ಜಾತಿಯ, ತಮ್ಮ ಕ್ರೈಸ್ತ ಗುಡಿಯ ಎಷ್ಟೋ ಮನೆಗಳಲ್ಲಿ ಶಾಂತಕುಮಾರಿ ನೋಡಿದ್ದಳು. ಜಪಸರ ಕೈಯಲ್ಲಿ ಹಿಡಿದ ಮುದುಕಿ ಹತ್ತು ಮಣಿ ಎಣಿಸುವುದರೊಳಗೆ ನಾಲ್ಕು ಸಲ ಎದ್ದಿರುತ್ತಿದ್ದಳು. ಹಾಲು ಉಕ್ಕಿತು, ಮಗು ಬಿತ್ತು, ಸೊಪ್ಪಿನವಳು ಬಂದಳು, ಮಗನಿಗೆ ಬುತ್ತಿ. ಅವರನ್ನು ಮನೆಯವರು ಯಾರೂ ಕೈಬಿಟ್ಟಿರಲಿಲ್ಲ, ಒಂದು ಗಳಿಗೆಯೂ ಅವರ ಕೈ ಬಿಡುತ್ತಲೇ ಇರಲಿಲ್ಲ. ಬದುಕಿನಲ್ಲಿ ಒಂದು ಗಂಟೆ ತಮಗೆ ಅಂತ ಕೂತವರಲ್ಲ ಅವರು. "ಇಂಥೋರಿಗೆ ಒಂದು ಗೋಡೆ ಬೇಕು," ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದನ್ನು ಮಾಡದೆ ಬಿಡುವ ಹೆಂಗಸಲ್ಲ. ದಾವಣಗೆರೆಯ ಮನೆ ಮಾರಿ, ಹರಿಹರದ ಹೊಳೆ ದಾರಿಯಲ್ಲಿ ಪಾಳುಬಿದ್ದಿದ್ದ ಒಂದು ಶೇಂಗಾ ಗೋದಾಮು ಕೊಂಡಳು. ಆಮೇಲೆ ಬಿಷಪ್ಪರ ಮುಂದೆ ಹೋಗಿ ನಿಂತಳು.

"ಅಜ್ಜಿಯರಿಗೆ ಮಠವೇ?" ಎಂದರು ಬಿಷಪ್ಪರು. "ವೃದ್ಧಾಶ್ರಮ ಅಂತ ಕೇಳಿ, ಕೊಡೋಣ."

"ವೃದ್ಧಾಶ್ರಮದಾಗೆ ಸಾಯೋದಕ್ಕೆ ಕಾಯ್ತಾರೆ ಸ್ವಾಮಿ. ನಾವು ಕೆಲಸಕ್ಕೆ ಸೇರ್ತೀವಿ ಅಂತಿದೀವಿ. ಜಪ ಮಾಡೋದು ನಮ್ಮ ಕೆಲಸ. ಊರಿಗೆಲ್ಲ ಮಾಡ್ತೀವಿ."

ಬಿಷಪ್ಪರು ನಗಲಿಲ್ಲ. ಒಂದು ವರ್ಷದ ಪರೀಕ್ಷೆ ಇಟ್ಟರು. ಸೇರಿದವರು ಯಾರೂ ಗೋಡೆ ದಾಟಬಾರದು. ಮೌನದ ನಿಯಮ ನಡೆಸಬೇಕು. ತಮ್ಮ ಅನ್ನ ತಾವೇ ದುಡಿಯಬೇಕು. ಒಬ್ಬಳು ಹಿರಿಯಳ ಮಾತು ಉಳಿದವರು ಕೇಳಬೇಕು. ವರ್ಷ ಸರಿಯಾಗಿ ದಾಟಿದರೆ ಮಠವೆಂದು ಕಾಗದ ಕೊಡುವುದು. ತಪ್ಪಿದರೆ ಬಿಷಪ್ಪರು ಹೇಳಿದಂತೆ ಕೇಳಬೇಕು. ಕಾಗದ ಸಿಕ್ಕ ಮೇಲೆ ಹಿರಿಯಳು ಮಾತ್ರ ಮಠದ ಕೆಲಸಕ್ಕೆ ಅಪ್ಪಣೆ ಪಡೆದು ಹೊರಗೆ ಹೋಗಬಹುದು ಎಂದು ಕೊನೆಗೆ ಒಂದು ಮಾತು ಸೇರಿಸಿದ್ದರು. ಆ ಕೊನೆಯ ಮಾತನ್ನು ಶಾಂತಕುಮಾರಿ ಯಾರಿಗೂ ಹೇಳಿರಲಿಲ್ಲ. ಅದನ್ನು ಸೆರಗಿನ ತುದಿಯ ಗಂಟಿನಂತೆ ಇಟ್ಟುಕೊಂಡಿದ್ದಳು.

೧೯೭೮ರ ಡಿಸೆಂಬರ್ ಎಂಟರಂದು ನಾಲ್ವರು ಒಳಗೆ ಹೋದರು. ಶಾಂತಕುಮಾರಿ ಹಿರಿಯಳು. ಎರಡನೆಯವಳು ಶಕುಂತಲಮ್ಮ, ನಿವೃತ್ತ ಪ್ರಾಥಮಿಕ ಶಾಲಾ ಟೀಚರು, ನಿಯಮ ಎಂದರೆ ಪ್ರಾಣ. ಮೂರನೆಯವಳು ಮರಿಯವ್ವ, ಭಾನುವಳ್ಳಿಯ ಗದ್ದೆಗಳಲ್ಲಿ ನಾಟಿ ಮಾಡಿ ಬೆನ್ನು ಬಾಗಿದವಳು, ಎಪ್ಪತ್ತನಾಲ್ಕು. ನಾಲ್ಕನೆಯವಳು ತಿಪ್ಪಮ್ಮ. ನಲವತ್ತನೇ ವಯಸ್ಸಿನಲ್ಲಿ ಜ್ಞಾನಸ್ನಾನ ಪಡೆದು ತೆರೇಸಮ್ಮನಾಗಿದ್ದಳು. ಆದರೆ ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಖಾನಾವಳಿಯೊಂದರಲ್ಲಿ ಇಪ್ಪತ್ತು ವರ್ಷ ಒಲೆ ಮುಂದೆ ನಿಂತವಳನ್ನು ಜನ ತಿಪ್ಪಮ್ಮ ಎಂದೇ ಕರೆದಿದ್ದರು, ಅವಳೂ ಓಗೊಟ್ಟಿದ್ದಳು. ಐದು ಹೆತ್ತವಳು. "ಕನ್ಯಾಸ್ತ್ರೀ ಆಗಕ್ಕೆ ಹೊಂಟಿದೀಯಲ್ಲತ್ತೆ, ನಾಚಿಕೆ ಆಗಲ್ವಾ?" ಎಂದು ಅವಳ ಸೊಸೆ ನಕ್ಕಿದ್ದಳಂತೆ. "ಕನ್ಯಾ ಹೋತು, ಸ್ತ್ರೀ ಉಳಿದೈತೆ," ಎಂದು ಇವಳು ಉತ್ತರ ಕೊಟ್ಟು ಬಂದಿದ್ದಳು.

ಊರು ಅದಕ್ಕೆ ಅಜ್ಜಿ ಮಠ ಎಂದು ಹೆಸರಿಟ್ಟಿತು.

ಗೋಡೆಯ ಒಂದು ಕಂಡಿಯಲ್ಲಿ ಪೀಪಾಯಿಯಂತೆ ಸುತ್ತುವ ಮರದ ಗೂಡು ಇತ್ತು. ಹೊರಗಿನವರು ಸಾಮಾನಿಟ್ಟು ತಿರುಗಿಸಿದರೆ ಒಳಗೆ ಬರುತ್ತಿತ್ತು, ಒಳಗಿನವರ ಮುಖ ಕಾಣುತ್ತಿರಲಿಲ್ಲ. ಅದನ್ನು ಮಾಡಿಕೊಟ್ಟ ಬಡಗಿ ಮಕ್ತುಮ್ ಸಾಬ್, "ಇಷ್ಟು ಪಕ್ಕಾ ಪರ್ದಾ ನಮ್ಮ ಅಜ್ಜೀನೂ ಮಾಡಿರಲಿಲ್ಲ ನೋಡವ್ವ," ಎಂದಿದ್ದ. ಪಕ್ಕದ ಹಿಟ್ಟಿನ ಗಿರಣಿಯ ಬಡೇಸಾಬ್ ದಿನಾ ಬೆಳಗ್ಗೆ ಆ ಗೂಡಿನ ಬಳಿ ನಿಂತು ಬೇಕುಬೇಡ ಕೇಳುತ್ತಿದ್ದ. ಅವನ ಹೆಂಡತಿ ಖತೀಜಾಬೀ ಬೇಕುಬೇಡ ಇಲ್ಲದಿದ್ದರೂ ನಿಲ್ಲುತ್ತಿದ್ದಳು.

ದುಡಿಮೆಗೆ ಅವರು ಹಿಡಿದದ್ದು ಪೂಜೆಯ ರೊಟ್ಟಿ. ಗುಡಿಯಲ್ಲಿ ಪಾದ್ರಿಗಳು ಜನರ ನಾಲಿಗೆಯ ಮೇಲಿಡುವ, ರೂಪಾಯಿ ಬಿಲ್ಲೆಯಂಥ ತೆಳು ಬಿಳಿ ರೊಟ್ಟಿ. ಅದನ್ನು ಕಲಿಸಲು ದಾವಣಗೆರೆಯಿಂದ ಫಾದರ್ ಚೌರಪ್ಪ ಬಂದಿದ್ದರು. ವಯಸ್ಸಿನ್ನೂ ಮೂವತ್ತೆರಡು, ಓಡಾಟಕ್ಕೆ ಜಾವಾ ಮೋಟಾರ್ ಸೈಕಲ್ಲು. ಕಬ್ಬಿಣದ ಜೋಡಿ ಅಚ್ಚು ಕಾಯಿಸಿ, ಹಿಟ್ಟು ಹೊಯ್ದು ಅದುಮಿದರೆ ಅಂಗೈಯಗಲದ ಹಾಳೆ ಬರುತ್ತದೆ. ಹಾಳೆಯಿಂದ ಬಿಲ್ಲೆ ಕತ್ತರಿಸಬೇಕು. "ಗೋಧಿ ಹಿಟ್ಟು, ನೀರು. ಬೇರೇನೂ ಇಲ್ಲ," ಎಂದು ಫಾದರ್ ಎರಡು ಸಲ ಹೇಳಿದ್ದರು. ನಾಲ್ವರೂ ತಲೆಯಾಡಿಸಿದ್ದರು.

ಮೊದಮೊದಲು ಹಾಳೆ ಅಚ್ಚಿಗೆ ಅಂಟಿತು, ಸುಟ್ಟಿತು, ಪುಡಿಯಾಯಿತು. ಜೂನ್‌ನಲ್ಲಿ ತಿಪ್ಪಮ್ಮನ ಕೈಗೆ ಒಲೆ ಒಪ್ಪಿಸಿದ ಮೇಲೆ ಎಲ್ಲ ಸರಿಹೋಯಿತು. ಹರಿಹರಕ್ಕೆ, ದಾವಣಗೆರೆಗೆ, ಸುತ್ತಲ ನಾಲ್ಕು ಹಳ್ಳಿಯ ಗುಡಿಗಳಿಗೆ ಅಜ್ಜಿ ಮಠದ ರೊಟ್ಟಿಯೇ ಹೋಗತೊಡಗಿತು. ಒಳ್ಳೆ ಮಾತೂ ಬರತೊಡಗಿತು. ಬಿಲ್ಲೆ ಕತ್ತರಿಸಿ ಉಳಿದ ತೂತುತೂತಿನ ಅಂಚನ್ನು ಇವರು ಸಂಜೆ ಚಹಾದ ಜೊತೆ ತಿನ್ನುತ್ತಿದ್ದರು. ಮಿಕ್ಕಿದ್ದನ್ನು ಖತೀಜಾಬೀಯ ಮೊಮ್ಮಕ್ಕಳಿಗೆ ಗೂಡಿನಲ್ಲಿಟ್ಟು ತಿರುಗಿಸುತ್ತಿದ್ದರು.

ಮೌನ ಚೆನ್ನಾಗಿ ನಡೆಯುತ್ತಿತ್ತು. ಮಾತಿಗೆ ದಿನಕ್ಕೆ ಎರಡು ಅರ್ಧ ಗಂಟೆ. ಕೆಲಸದಲ್ಲಿ ಮಾತಿಲ್ಲ, ಊಟದಲ್ಲಿ ಮಾತಿಲ್ಲ. ಊಟದ ರುಚಿಯ ಬಗ್ಗೆಯಂತೂ ಯಾವ ಹೊತ್ತಿನಲ್ಲೂ ಮಾತಾಡಬಾರದು. ಅದು ಹಳೆಯ ಮಠಗಳ ನಿಯಮ, ಶಕುಂತಲಮ್ಮ ಯಾವುದೋ ಪುಸ್ತಕದಿಂದ ತೆಗೆದು ಗೋಡೆಗೆ ಬರೆದು ಅಂಟಿಸಿದ್ದಳು. ನಾಲ್ಕು ಜನ ಸಂಸಾರಸ್ಥ ಹೆಂಗಸರು ಸಾರಿಗೆ ಖಾರ ಹೆಚ್ಚಾಯಿತು ಎನ್ನದೆ ಹನ್ನೊಂದು ತಿಂಗಳು ಉಂಡರು. ಇದೇ ಒಂದು ಪವಾಡ ಎಂದು ಶಾಂತಕುಮಾರಿ ಅಂದುಕೊಂಡಿದ್ದಳು.

ಕಷ್ಟ ಇದ್ದದ್ದು ಅವಳಿಗೊಬ್ಬಳಿಗೇ. ಮರಿಯವ್ವ ಜಪಕ್ಕೆ ಕೂತರೆ ಕಲ್ಲು. ಶಕುಂತಲಮ್ಮ ಕೂತರೆ ಹೊತ್ತು ಹೋದದ್ದೇ ತಿಳಿಯದು. ಶಾಂತಕುಮಾರಿ ಕೂತರೆ ಮೊಣಕಾಲು ತಾನೇ ಅಲ್ಲಾಡುತ್ತಿತ್ತು. ಕಣ್ಣು ಮುಚ್ಚಿದರೆ ಮಂಡಿಪೇಟೆ. ಯಾವ ಅಂಗಡಿಯಲ್ಲಿ ಹಬ್ಬದ ಮಾಲು ಇಳಿದಿರಬಹುದು, ಯಾವ ಬಸ್ಸಿಗೆ ಯಾವ ಡ್ರೈವರ್. ಮಠ ಕಟ್ಟಿದವಳಿಗೇ ಮಠದಲ್ಲಿ ಕೂರಲು ಬರುತ್ತಿರಲಿಲ್ಲ. ಅಂಗಳದಲ್ಲಿ ಗೋಡೆಯುದ್ದಕ್ಕೂ ನಡೆದು ನಡೆದು ಅವಳ ಪಾದದ ಒಂದು ಹಾದಿ ಬಿದ್ದಿತ್ತು. ಇನ್ನು ಇಪ್ಪತ್ತಮೂರು ದಿನ. ಆಮೇಲೆ ಕಾಗದ.

ನವೆಂಬರ್‌ನ ಆ ಬುಧವಾರ ದಾವಣಗೆರೆಯ ಗುಡಿಯ ಹಬ್ಬಕ್ಕೆಂದು ಒಂದು ಸಾವಿರದ ಇನ್ನೂರು ಬಿಲ್ಲೆ ಡಬ್ಬಿ ತುಂಬಿ ಕಳಿಸಿದ್ದರು. ಹಬ್ಬ ಭಾನುವಾರ. ಗುರುವಾರ ಬೆಳಗ್ಗೆ ತಿಪ್ಪಮ್ಮನಿಗೆ ಚಳಿಜ್ವರ ಬಂತು. ಹರಿಹರದ ಡಬ್ಬಿ ಬಾಕಿ ಇತ್ತು. ಶಾಂತಕುಮಾರಿ ತಾನೇ ಒಲೆ ಮುಂದೆ ಕೂತಳು. ಎರಡು ಅಳತೆ ಹಿಟ್ಟು, ಮೂರು ಅಳತೆ ನೀರು. ಹಾಳೆ ಸ್ವಲ್ಪ ಬಿರುಸಾಯಿತು, ಅಷ್ಟೇ. ಅಂಚನ್ನು ಗೂಡಿನಲ್ಲಿಟ್ಟು ತಿರುಗಿಸಿದಳು.

ಸಂಜೆ ನಾಲ್ಕಕ್ಕೆ ಗೂಡಿನ ಆಚೆಯಿಂದ ಖತೀಜಾಬೀಯ ದನಿ ಬಂತು.

"ಏನ್ರವ್ವ, ಇವತ್ತು ಉಪ್ಪು ಮರ್ತು ಹಾಕಿಲ್ಲೇನು? ಮೊಮ್ಮಕ್ಕಳು ಥೂ ಥೂ ಅಂತ ಕೋಳಿಗೆ ಹಾಕ್ತಾವೆ. ಕೋಳಿನೂ ಮೂಸಿ ನೋಡಿ ಹೋತು."

"ಯಾವ ಉಪ್ಪು?" ಎಂದಳು ಶಾಂತಕುಮಾರಿ.

"ದಿನಾ ಹಾಕ್ತೀರಲ್ಲ, ಅದು. ನಮ್ಮ ರಶೀದಾ ಅಂತೂ ನಿಮ್ಮ ರೊಟ್ಟಿ ಬಿಟ್ಟು ಬಿಸ್ಕತ್ತೇ ಮುಟ್ಟಲ್ಲ."

ಶಾಂತಕುಮಾರಿ ಗೂಡಿಗೆ ಕೈಯೂರಿ ನಿಂತಳು. ಮೂವತ್ತು ವರ್ಷ ಕಡ್ಡಿಪುಡಿ ಹಾಕಿ ನಾಲಿಗೆ ಸತ್ತವಳು ಅವಳು. ಬುಧವಾರದ ಹಳೆಯ ಅಂಚಿನ ಚೂರು ಡಬ್ಬಿಯ ತಳದಲ್ಲಿತ್ತು. ತೆಗೆದು ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ಚಪ್ಪರಿಸಿ ಹುಡುಕಿದಳು. ಇತ್ತು. ಸಣ್ಣಗೆ, ಹದವಾಗಿ, ಕೈ ಪಳಗಿದವರು ಹಾಕಿದ ಹಾಗೆ ಇತ್ತು.

ಮಾತಿನ ಅರ್ಧ ಗಂಟೆ ಬರುವ ತನಕ ಕಾಯುವ ವ್ಯವಧಾನ ಅವಳಿಗಿರಲಿಲ್ಲ. ನೇರ ತಿಪ್ಪಮ್ಮನ ಚಾಪೆಯ ಹತ್ತಿರ ಹೋದಳು.

"ರೊಟ್ಟಿ ಹಿಟ್ಟಿಗೆ ಉಪ್ಪು ಹಾಕ್ತಿದ್ಯಾ?"

ತಿಪ್ಪಮ್ಮ ಕಂಬಳಿಯೊಳಗಿಂದ ಮುಖ ತೆಗೆದಳು. ಪ್ರಶ್ನೆಯೇ ಅರ್ಥವಾಗದವಳಂತೆ ನೋಡಿದಳು. "ಹಾಕದೆ?"

"ಫಾದರ್ ಏನು ಹೇಳಿದ್ರು?"

"ಹಿಟ್ಟು, ನೀರು, ಬೇರೇನೂ ಇಲ್ಲ ಅಂದ್ರು. ನಾನೇನು ಬೇರೆ ಹಾಕಿದೆ? ಎಣ್ಣೆ ಹಾಕಿಲ್ಲ, ಸೋಡಾ ಹಾಕಿಲ್ಲ, ಹಾಲು ಹಾಕಿಲ್ಲ."

"ಉಪ್ಪು?"

"ಉಪ್ಪು ಬೇರೆ ಹೆಂಗಾಗ್ತದೆ ಶಾಂತಕ್ಕ?" ತಿಪ್ಪಮ್ಮ ಎದ್ದು ಕೂತಳು. "ಮುದ್ದೆಗೆ ಹಿಟ್ಟು ನೀರು ಅಂತೀವಿ. ರೊಟ್ಟಿಗೆ ಹಿಟ್ಟು ನೀರು ಅಂತೀವಿ. ಉಪ್ಪು ಅಂತ ಯಾರಾದ್ರೂ ಬಾಯಿ ಬಿಟ್ಟು ಹೇಳ್ತಾರಾ? ಅದು ಇದ್ದೇ ಇರ್ತದೆ. ಸೊಸೆ ಬಂದ ಮೊದಲ ದಿನ ಸಾರು ಮಾಡು ಅಂದ್ರೆ, ಉಪ್ಪು ಹಾಕ್ಲಾ ಅಂತ ಕೇಳಿದ್ರೆ ಮನೆ ಮಂದಿ ನಗ್ತಾರೆ. ಖಾನಾವಳಿ ಗಿರಾಕಿಗೇ ಸಪ್ಪೇದು ಇಟ್ಟೋಳಲ್ಲ ನಾನು. ದೇವ್ರಿಗೆ ಇಡ್ಲಾ?"

ಹೇಳುತ್ತ ಹೇಳುತ್ತ ಅವಳ ದನಿ ಇಳಿಯಿತು. ಶಾಂತಕುಮಾರಿಯ ಮುಖ ನೋಡಿ ವಿಷಯ ತಿಳಿಯಿತು. "ತಪ್ಪಾತಾ ಅಕ್ಕ?"

ಶಾಂತಕುಮಾರಿ ಅಂಗಳಕ್ಕೆ ಬಂದು ನಡೆಯತೊಡಗಿದಳು.

ಮಾತಿನ ಹೊತ್ತಿಗೆ ವಿಷಯ ಇಟ್ಟಾಗ ಇನ್ನೂ ಸೋಜಿಗ ಹೊರಬಿತ್ತು. ಮರಿಯವ್ವನಿಗೆ ಮೊದಲ ದಿನವೇ ಗೊತ್ತಾಗಿತ್ತು. "ಚೆನ್ನಾಗೈತೆ ಅನ್ನಾಣ ಅಂತ ಬಾಯಿಗೆ ಬಂದಿತ್ತು. ರುಚಿ ಬಗ್ಗೆ ಮಾತಾಡಬಾರದು ಅಂತ ಗೋಡೆ ಮ್ಯಾಲೆ ಐತೆ ಅಂದ್ರಲ್ಲ, ನುಂಗಿಕೊಂಡೆ." ಶಕುಂತಲಮ್ಮನಿಗೂ ಗೊತ್ತಾಗಿತ್ತು. ಹಿರಿಯಳೇ ಹೇಳಿ ಹಾಕಿಸಿರಬೇಕು, ಪ್ರಶ್ನೆ ಮಾಡಿದರೆ ವಿಧೇಯತೆ ತಪ್ಪೀತು ಎಂದು ಸುಮ್ಮನಿದ್ದಳು. ಐದು ತಿಂಗಳು ನಿಯಮ ಸರಿಯಾಗಿ ನಡೆದದ್ದರಿಂದಲೇ ತಪ್ಪೂ ಸರಿಯಾಗಿ ನಡೆದಿತ್ತು.

"ಈಗೇನು ಮಾಡೋದು ಅಂತೀರಿ?" ಎಂದಳು ಶಾಂತಕುಮಾರಿ.

ಶಕುಂತಲಮ್ಮ ಕನ್ನಡಕ ಒರೆಸಿ, ಮೆಲ್ಲಗೆ ಹೇಳಿದಳು. "ಇನ್ನು ಇಪ್ಪತ್ತೆರಡು ದಿನ ಐತಿ. ನಾಳೆಯಿಂದ ಹಾಕೋದು ಬ್ಯಾಡ. ಆಗಿದ್ದು ಆತು. ಯಾರಿಗೆ ಗೊತ್ತಾಗ್ತದೆ?"

ನಿಯಮದ ಟೀಚರಿನ ಬಾಯಿಂದ ಈ ಮಾತು ಬಂದದ್ದು ಶಾಂತಕುಮಾರಿಗೆ ಅಚ್ಚರಿ ಅನ್ನಿಸಲಿಲ್ಲ. ಪಾಪ, ಅವಳೂ ಮನೆ ಬಿಟ್ಟು ಬಂದವಳು. ಸುಮ್ಮನಿರುವುದರಲ್ಲಿ ಶಾಂತಕುಮಾರಿಯೇ ಅವಳಿಗಿಂತ ಪಳಗಿದವಳು. ಸೀರೆಯ ನಡುವೆ ನೂಲು ಎದ್ದಿದ್ದರೆ ಆ ಮಡಿಕೆ ಒಳಗೆ ಹಾಕಿ ತೋರಿಸಿ ಮಾರಿದ ದಿನಗಳಿದ್ದವು. ಗಿರಾಕಿ ಮನೆಗೆ ಹೋಗಿ ಬಿಚ್ಚುವಷ್ಟರಲ್ಲಿ ಇವಳು ಮುಂದಿನ ಊರಲ್ಲಿರುತ್ತಿದ್ದಳು. ಆದರೆ ಆಗ ಮುಂದಿನ ಊರು ಇತ್ತು. ಈಗ ಇದ್ದಲ್ಲೇ ಇರಬೇಕು.

ಶುಕ್ರವಾರ ಇಡೀ ದಿನ ಅವಳು ಒಂದು ಕಡೆ ನಿಲ್ಲಲಿಲ್ಲ. ಜಪಕ್ಕೆ ಕೂತು ಎದ್ದಳು. ಬಾವಿಯ ನೀರು ಬೇಡದಿದ್ದರೂ ಎಂಟು ಕೊಡ ಸೇದಿದಳು. ತಿಪ್ಪಮ್ಮನಿಗೆ ಗಂಜಿ ಕೊಟ್ಟಳು. ಹತ್ತೂವರೆಯ ಹಾರ್ನ್ ಕೇಳಿದಾಗ ಬಾಗಿಲಿನ ತನಕ ಹೋದಳು. ಓಡಿ ಹೋಗಿ ಮೂಲೆಯಲ್ಲೇ ಈ ಬಸ್ಸು ಹತ್ತಿದರೆ ಹನ್ನೊಂದಕ್ಕೆ ದಾವಣಗೆರೆ. ಫಾದರ್ ಕೈಯಿಂದ ಡಬ್ಬಿ ಇಸಿದುಕೊಂಡು, ಏನೋ ಒಂದು ನೆಪ ಹೇಳಿ, ಹುಳ ಬಿದ್ದೈತೆ ಅಂತಲೋ ಮುಗ್ಗಲು ಅಂತಲೋ ಹೇಳಿ, ಮಧ್ಯಾಹ್ನದ ಬಸ್ಸಿಗೆ ವಾಪಸ್ಸು. ಯಾರಿಗೂ ತಿಳಿಯದು. ಇಂಥ ನೂರು ಕೆಲಸ ಅವಳು ನಡೆಸಿದ್ದಳು. ಅಗುಳಿಗೆ ಕೈ ಹಾಕಿದಳು. ಅಗುಳಿ ತೆಗೆದರೆ ಗೋಡೆ ದಾಟಿದ ಹಾಗೆ. ಒಂದು ತಪ್ಪು ಮುಚ್ಚಲು ಎರಡನೆಯದು, ಅದಕ್ಕೊಂದು ಸುಳ್ಳು ಮೂರನೆಯದು. ಸೀರೆ ವ್ಯಾಪಾರದಲ್ಲಿ ಇದು ನಡೆಯುತ್ತದೆ. ಆದರೆ ಅವಳು ಈ ಗೋಡೆ ಎಬ್ಬಿಸಿದ್ದು ವ್ಯಾಪಾರ ಮುಗಿಸುವುದಕ್ಕೆ.

ಮತ್ತೊಂದು ಯೋಚನೆಯೂ ಅವಳನ್ನು ತಿನ್ನುತ್ತಿತ್ತು. ಹೇಳಿದರೆ ಬಿಷಪ್ಪರು ಇದನ್ನು ಮುಚ್ಚಿಸಬಹುದು. ಮುಚ್ಚಿದರೆ ಈ ಮೂವರು ಎಲ್ಲಿಗೆ? ಮಕ್ಕಳು ಕರೆದುಕೊಂಡು ಹೋಗುತ್ತಾರೆ, ಪ್ರೀತಿಯಿಂದಲೇ ಕರೆದುಕೊಂಡು ಹೋಗುತ್ತಾರೆ. ಮತ್ತೆ ಹಾಲು ಉಕ್ಕುತ್ತದೆ, ಮತ್ತೆ ಮಗು ಬೀಳುತ್ತದೆ, ಹತ್ತು ಮಣಿಗೆ ನಾಲ್ಕು ಸಲ ಏಳುವುದು. ಹನ್ನೊಂದು ತಿಂಗಳು ಕಲ್ಲಿನಂತೆ ಕೂತ ಮರಿಯವ್ವನನ್ನು ಮತ್ತೆ ಎಬ್ಬಿಸಬೇಕಲ್ಲ.

ಶನಿವಾರ ಬೆಳಗ್ಗೆ ಬಡೇಸಾಬ್ ಗೂಡಿನ ಹತ್ತಿರ ಬಂದು, "ಗಿರಣಿ ಬೆಲ್ಟು ತರಾಕೆ ದಾವಣಗೆರೆಗೆ ಹೊಂಟೀನವ್ವ, ಏನಾದ್ರೂ ಬೇಕಾ?" ಎಂದ. ಶಾಂತಕುಮಾರಿಯ ಬಾಯಿಂದ ಮಾತು ತಾನೇ ಬಂತು. "ಫಾದರ್ ಚೌರಪ್ಪಗೆ ಹೇಳಪ್ಪ. ಬುಧವಾರ ಕಳಿಸಿದ ಡಬ್ಬಿ ಮುಟ್ಟಬ್ಯಾಡ್ರಿ, ಇವತ್ತೇ ಬಂದು ಹೋಗ್ರಿ ಅಂತ."

"ಯಾಕವ್ವ, ಏನಾತು?"

"ಉಪ್ಪು ಬಿದ್ದೈತೆ ಅನ್ನು."

"ಅಷ್ಟೇನಾ? ನಾನು ಹಲ್ಲಿ ಬಿತ್ತೇನೋ ಅಂತ ಹೆದರಿದ್ದೆ," ಎಂದು ಬಡೇಸಾಬ್ ಹೊರಟ.

ಫಾದರ್ ಮಧ್ಯಾಹ್ನ ಮೂರಕ್ಕೆ ಬಂದರು. ಮಾತಾಡುವ ಕೋಣೆಯಲ್ಲಿ ಜಾಲರಿ ಕಿಟಕಿಯ ಆಚೆ ಕೂತರು. ಹೆಲ್ಮೆಟ್ ಇಲ್ಲದ ತಲೆಯೆಲ್ಲ ಕೆಂಧೂಳು. ಶಾಂತಕುಮಾರಿ ಎಲ್ಲವನ್ನೂ ಹೇಳಿದಳು. ತಿಪ್ಪಮ್ಮ ಹೇಳಿದ್ದನ್ನೂ ಹೇಳಿದಳು, ಹೆಸರು ಮಾತ್ರ ಬಿಟ್ಟಳು. ಹಿಟ್ಟು ನೀರು ಎಂದರೆ ಉಪ್ಪು ಸೇರಿಯೇ ಬಂತು ಅನ್ನುವ ಮಾತಿಗೆ ಫಾದರ್ ಕರವಸ್ತ್ರ ಬಾಯಿಗೆ ಹಿಡಿದು ಕೆಮ್ಮಿದರು. ಅದು ಕೆಮ್ಮಲ್ಲ ಎಂದು ಇವಳಿಗೆ ಗೊತ್ತಾಯಿತು.

"ನನಗೂ ರುಚಿ ಗೊತ್ತಾಗಿತ್ತು," ಎಂದರು ಕೊನೆಗೆ. "ತಾಜಾ ಇರೋದಕ್ಕೆ ಹಂಗೆ ಅಂದ್ಕೊಂಡೆ." ಆಮೇಲೆ ಮುಖ ಗಟ್ಟಿಯಾಯಿತು. "ನೋಡಿ ಅಮ್ಮ, ನಡೆದ ಪೂಜೆಗಳು ಸುಳ್ಳಾಗಲ್ಲ. ಅದಕ್ಕೆ ಹೆದರಬೇಡಿ. ಆದರೆ ನಿಯಮ ಮುರಿದಿದೆ, ಸಣ್ಣ ನಿಯಮ ಅಲ್ಲ. ಉಳಿದದ್ದನ್ನೆಲ್ಲ ತೆಗೆದು ಬೇರೆ ಊರಿಂದ ತರಿಸ್ತೀನಿ. ಬಿಷಪ್ಪರಿಗೆ ಬರೆಯಲೇಬೇಕು. ಹಾಕಿದವರು ಯಾರು?"

"ನನ್ನ ಹೆಸರು ಬರೀರಿ."

"ಸುಳ್ಳು ಬರೆಯೋಕಾಗಲ್ಲ."

"ಸುಳ್ಳಲ್ಲ ಫಾದರ್. ಹಾಕಿದೋಳು ತಿಳೀದೆ ಹಾಕಿದ್ಲು. ನಾನು ಹಿರೇರು ಅನ್ನಿಸ್ಕೊಂಡು ಐದು ತಿಂಗಳು ತಿಂದೀನಿ. ಒಂದು ದಿನ ಒಲೆ ಹತ್ರ ಹೋಗಿ ನಿಂತು ನೋಡಲಿಲ್ಲ. ಯಾಕೆ ಅಂದ್ರೆ ನಾನು ಇಲ್ಲಿ ಇರಲಿಲ್ಲ."

"ಎಲ್ಲಿದ್ರಿ ಮತ್ತೆ?"

ಅವಳು ತನ್ನ ಬರಿಗಾಲು ನೋಡಿಕೊಂಡಳು.

ಬಿಷಪ್ಪರ ಕಾಗದ ಗುರುವಾರ ಬಂತು. ನವೆಂಬರ್ ಇಪ್ಪತ್ತರ ತಾರೀಖು. ಶಾಂತಕುಮಾರಿ ಗೂಡಿನಿಂದ ತೆಗೆದು, ನಿಂತಲ್ಲೇ ಓದಿ, ಮತ್ತೆ ಓದಿ, ಅಂಗಳಕ್ಕೆ ಎರಡು ಸುತ್ತು ಹಾಕಿ, ಊಟದ ಕೋಣೆಗೆ ಬಂದು ಉಳಿದವರಿಗೆ ಓದಿದಳು. ಮನೆಯನ್ನು ಮುಚ್ಚಬೇಕಿಲ್ಲ. ಸತ್ಯ ಹೇಳಿದ್ದಕ್ಕೆ ಮೆಚ್ಚುಗೆ. ಆದರೆ ಪರೀಕ್ಷೆಯ ವರ್ಷ ಈ ಕಾಗದದ ತಾರೀಖಿನಿಂದ ಮತ್ತೆ ಶುರು. ಪೂಜೆಯ ರೊಟ್ಟಿ ಸದ್ಯಕ್ಕೆ ಬೇಡ, ಊದುಬತ್ತಿಯೋ ಹೊಲಿಗೆಯೋ ಬೇರೆ ದುಡಿಮೆ ನೋಡಿಕೊಳ್ಳಬೇಕು. ತನ್ನ ಅಡಿಗೆಮನೆಯಲ್ಲಿ ಏನು ನಡೆಯುತ್ತದೆಂದು ಹಿರಿಯಳಿಗೆ ತಿಳಿದಿರಬೇಕು, ಆದ್ದರಿಂದ ಈ ವರ್ಷ ಶಕುಂತಲಮ್ಮ ಹಿರಿಯಳಾಗಿರತಕ್ಕದ್ದು. ಒಪ್ಪುವವರು ಸಹಿ ಮಾಡಬೇಕು. ಒಪ್ಪದವರು ಮನೆಗೆ ಹೋಗಬಹುದು, ಅವರ ಮೇಲೆ ದೂಷಣೆ ಇಲ್ಲ.

ಓದಿ ಮುಗಿಸಿ ಅವಳು ದಿನ ಎಣಿಸಿದಳು. ಹಳೆಯ ವರ್ಷ ಮುಗಿಯಲು ಹದಿನೈದು ದಿನವಿತ್ತು. ಈಗ ಮತ್ತೆ ವರ್ಷ. ಅದು ಮುಗಿದ ಮೇಲೂ ಹೊರಗೆ ಹೋಗುವ ಅಪ್ಪಣೆ ಹಿರಿಯಳಿಗೆ, ಇವಳಿಗಲ್ಲ.

ಶಕುಂತಲಮ್ಮ ಅಳತೊಡಗಿದಳು. "ನನಗೆ ಬ್ಯಾಡ ಶಾಂತಕ್ಕ, ಒಂದನೇ ಕ್ಲಾಸಿನ ಮಕ್ಕಳೇ ನನ್ನ ಮಾತು ಕೇಳ್ತಿರಲಿಲ್ಲ."

ಮರಿಯವ್ವ ಮಾತ್ರ ಬೊಚ್ಚುಬಾಯಿ ಅಗಲಿಸಿ ನಕ್ಕಳು. "ಇನ್ನೊಂದು ವರ್ಷನಾ? ಎಪ್ಪತ್ತೈದಕ್ಕೆ ಬಿದ್ದೀನಿ. ಡಾಕ್ಟ್ರು ಇನ್ನು ಆರು ತಿಂಗಳು ಬದುಕ್ತೀಯ ಅಂದಿದ್ರು. ಬಿಷಪ್ಪರು ವರ್ಷ ಕೊಟ್ಟಾರೆ. ಎಲ್ಲಿ ಹೆಬ್ಬೆಟ್ಟು ಒತ್ತಲಿ?"

ಆಗಲೇ ಎಲ್ಲರಿಗೂ ಕಂಡದ್ದು, ವರ್ಷದ ಮಾತು ಕೇಳಿ ತಿಪ್ಪಮ್ಮ ಎದ್ದು ಹೋಗಿದ್ದಳು, ಅವಳ ಜಾಗ ಖಾಲಿ ಇತ್ತು.

ಶಾಂತಕುಮಾರಿ ಓಡಿದಳು. ಹೊರಬಾಗಿಲು ತೆರೆದಿತ್ತು. ತಿಪ್ಪಮ್ಮ ಹೊಸ್ತಿಲ ಒಳಗೆ ತಗಡಿನ ಟ್ರಂಕು ಕಾಲಬಳಿ ಇಟ್ಟುಕೊಂಡು ನಿಂತಿದ್ದಳು. ಮುಖದಲ್ಲಿ ಜ್ವರದ ಬಳಲಿಕೆ ಇನ್ನೂ ಇಳಿದಿರಲಿಲ್ಲ.

"ಬಿಡು ಶಾಂತಕ್ಕ. ನಾನು ಹೋದ್ರೆ ಬಿಷಪ್ಪರ ಸಿಟ್ಟು ಇಳೀತದೆ. ನಿಮ್ಮ ಹಳೇ ವರ್ಷನೇ ಲೆಕ್ಕಕ್ಕೆ ಬರ್ತದೆ. ನಾನು ಮಾಡಿದ ಹೊಲಸಿಗೆ ನೀವ್ಯಾಕೆ."

ಶಾಂತಕುಮಾರಿ ಹೊರಗೆ ನೋಡುತ್ತ ನಿಂತುಬಿಟ್ಟಳು. ಹನ್ನೊಂದು ತಿಂಗಳ ಮೇಲೆ ಕಂಡ ದಾರಿ. ಕೆಂಪು ಮಣ್ಣು, ಗಿರಣಿಯ ಬಾಗಿಲಲ್ಲಿ ಹಿಟ್ಟಿನ ಬಿಳಿ, ಸೈಕಲ್ ಮೇಲೆ ಕುಲುಕುತ್ತ ಹೋಗುವ ಹಾಲಿನ ಕ್ಯಾನು, ಆಚೆ ಹೊಳೆಯ ಸೇತುವೆಯ ಒಂದು ತುಣುಕು. ನಿಲ್ದಾಣ ಆರುನೂರು ಹೆಜ್ಜೆ. ಅವಳ ಅಂಗಾಲು ಉರಿಯಿತು. ಕಾಗದ ಹೇಳಿತ್ತು, ಹೋಗುವವರ ಮೇಲೆ ದೂಷಣೆ ಇಲ್ಲ.

"ಹೋಗಾದಾದ್ರೆ ನಿನಗಿಂತ ಮೊದಲು ನಾನು ಹೋಗಬೇಕು ಕಣೇ," ಎಂದಳು. "ನೀನು ಐದು ತಿಂಗಳು ದಿನಕ್ಕೊಂದು ಚಿಟಿಕೆ ಉಪ್ಪು ಹಾಕಿದೆ. ನಾನು ಹನ್ನೊಂದು ತಿಂಗಳಿಂದ ದಿನಾ ಹತ್ತೂವರೆ ಬಸ್ಸು ಹತ್ತಿ ದಾವಣಗೆರೆಗೆ ಹೋಗಿ ಬರ್ತೀನಿ. ಜಪ ಮಾಡ್ತಾ ಕೂತಾಗಲೇ. ಮಂಡಿಪೇಟೆ ಸುತ್ತಿ, ನಾಕು ಸೀರೆ ಎತ್ತಿ, ಸಂಜೆಗೆ ವಾಪಸ್ಸು. ನೀನಾದ್ರೂ ಗೊತ್ತಿಲ್ಲದೆ ಮಾಡಿದೆ. ನಾನು ಗೊತ್ತಿದ್ದೂ ಮಾಡ್ತಿದ್ದೆ. ಯಾರು ಹೋಗಬೇಕು, ನೀನೇ ಹೇಳು."

ತಿಪ್ಪಮ್ಮ ಅವಳನ್ನು ದಿಟ್ಟಿಸಿದಳು. ಖಾನಾವಳಿಯಲ್ಲಿ ಇಪ್ಪತ್ತು ವರ್ಷ ತಪ್ಪಿಸಿಕೊಂಡು ಹೋಗುವ ಗಿರಾಕಿಗಳನ್ನು ಹಿಡಿದ ಕಣ್ಣು ಅದು.

"ಟಿಕೆಟ್ಟು ತಗಂತಿದ್ಯಾ, ಇಲ್ಲ ಬಿಟ್ಟಿ ಹೋಗ್ತಿದ್ಯಾ?"

"ಬಿಟ್ಟಿ," ಎಂದಳು ಶಾಂತಕುಮಾರಿ.

ಇಬ್ಬರಿಗೂ ನಗು ಬಂತು. ನಗುತ್ತ ಅಳುತ್ತ ಟ್ರಂಕಿನ ಎರಡು ಕಿವಿ ಇಬ್ಬರೂ ಹಿಡಿದು ಒಳಕ್ಕೆ ತಂದರು. ಬಾಗಿಲು ಹಾಕಿ ಅಗುಳಿ ಎಳೆದದ್ದು ಶಾಂತಕುಮಾರಿಯೇ. ಒಳಗೆ ಹೋಗಿ ಮೂರು ಸಹಿ, ಒಂದು ಹೆಬ್ಬೆಟ್ಟು ಹಾಕಿದರು. ಅತ್ತು ಅತ್ತು ಕನ್ನಡಕ ಮಂಜಾಗಿದ್ದ ಶಕುಂತಲಮ್ಮ ತನ್ನ ಮೊದಲ ಅಪ್ಪಣೆ ಹೊರಡಿಸಿದಳು. ಗೋಡೆಯ ಮೇಲಿನ ರುಚಿಯ ನಿಯಮ ಕಿತ್ತುಹಾಕುವುದು, ಅಡಿಗೆಮನೆಗೆ ಶಾಂತಕ್ಕನೂ ತಿಪ್ಪಮ್ಮನೂ ಜೋಡಿಯಾಗಿ ಹೋಗುವುದು.

ಮರುದಿನ ಬೆಳಗ್ಗೆ ಶಾಂತಕುಮಾರಿ ಸಹಿಯಾದ ಕಾಗದವನ್ನು ಗೂಡಿನಲ್ಲಿಟ್ಟು ತಿರುಗಿಸಿದಾಗ ಆಚೆ ಬಡೇಸಾಬ್ ಇದ್ದ.

"ಪೋಸ್ಟಿಗೆ ಹಾಕಪ್ಪ. ಇನ್ನು ಮುನ್ನೂರ ಅರವತ್ತೈದು ದಿನ ನಮ್ಮ ಕಾಟ ನಿನಗೆ ತಪ್ಪಿದ್ದಲ್ಲ."

ಬಡೇಸಾಬ್ ಬೆರಳು ಮಡಿಚಿ ಎಣಿಸಿದ. ಗಿರಣಿಯ ಗೋಡೆಯ ಕ್ಯಾಲೆಂಡರನ್ನು ದಿನವಿಡೀ ನೋಡುವವನು ಅವನು.

"ಮುನ್ನೂರ ಅರವತ್ತಾರವ್ವ. ಬರೋ ಫೆಬ್ರವರಿಗೆ ಇಪ್ಪತ್ತೊಂಬತ್ತು ಐತೆ."

"ಏನಂದೆ?"

"ನಾಕು ವರ್ಷಕ್ಕೊಂದು ಸಲ ಬರ್ತದಲ್ಲ, ಒಂದು ದಿನ ಜಾಸ್ತಿ. ಈ ಸಲ ನಿಮ್ಮ ಪಾಲಿಗೆ ಬಂದೈತೆ."

"ಅದು ಬಿಷಪ್ಪರ ಲೆಕ್ಕನೋ, ದೇವ್ರ ಲೆಕ್ಕನೋ?"

"ಸರ್ಕಾರದ್ದು ಇರಬೇಕು," ಎಂದ ಬಡೇಸಾಬ್, ಯೋಚಿಸಿ.

ಶಾಂತಕುಮಾರಿ ಗೂಡಿನ ಮರಕ್ಕೆ ಅಂಗೈಯಿಂದ ಒಂದು ಹೊಡೆದಳು. ಆ ಸರ್ಕಾರವನ್ನು ಬೈಯಲು ಅವಳಲ್ಲಿ ಸಾಕಷ್ಟು ಮಾತಿತ್ತು. ಮೊದಲ ಮಾತು ಬಾಯಿಗೆ ಬರುವಷ್ಟರಲ್ಲಿ ಒಳಗೆ ಶಕುಂತಲಮ್ಮ ಗಂಟೆ ಹೊಡೆದಳು. ಹೊಸ ಹಿರಿಯಳ ಕೈ, ಶಾಲೆಯ ಗಂಟೆಯ ಹಾಗೆ ಜೋರಾಗಿ, ನಿಲ್ಲದೆ. ಶಾಂತಕುಮಾರಿ ಬೈಗುಳ ಅರ್ಧಕ್ಕೇ ಬಿಟ್ಟು, ಬೆವರಿದ ಅಂಗೈ ಸೀರೆಗೆ ಒರೆಸಿಕೊಂಡು, ಜಪದ ಕೋಣೆಗೆ ಹೋಗಿ ಮರಿಯವ್ವನ ಪಕ್ಕದಲ್ಲಿ ಕೂತಳು. ಮೊಣಕಾಲು ಅಲ್ಲಾಡತೊಡಗಿತು. ಮರಿಯವ್ವ ಕಣ್ಣು ತೆರೆಯದೆ ಕೈ ಚಾಚಿ, ಆ ಮೊಣಕಾಲಿನ ಮೇಲೆ ತನ್ನ ಒರಟು ಅಂಗೈ ಇಟ್ಟು, ತನ್ನ ಪಾಡಿಗೆ ಜಪ ಮುಂದುವರಿಸಿದಳು.